ಒಂದು ಅಕ್ಷರ ಪಲ್ಲಟವಾದರೆ

ನಮ್ಮ ಸಯನ್ ನಿಲ್ದಾಣದಿಂದ ದಕ್ಷಿಣಕ್ಕೆ ಹೊರಟ ಲೋಕಲ್ ಗಾಡಿಯು ಮಾಟುಂಗಾ, ದಾದರ್‌ಗಳನ್ನು ದಾಟಿ ಪರೇಲ್ ನಿಲ್ದಾಣವನ್ನು ಮುಟ್ಟುತ್ತದೆ. ಆ ಪರೇಲಿನಲ್ಲಿರುವ ಕೆ.ಇ.ಎಂ. ಆಸ್ಪತ್ರೆಯೂ ಸೇಠ್ ಜಿ.ಎಸ್. ವೈದ್ಯಕೀಯ ಮಹಾವಿದ್ಯಾಲಯವೂ ನಗರವಾಸಿಗಳಿಗೆಲ್ಲ ಪರಿಚಿತವಾದವು. ನಮ್ಮ ನಗರದ ಹೆಸರನ್ನು ಹೊತ್ತು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸ್ಥಾನ ಪಡೆದಿರುವ ಒಂದು ರಕ್ತಗುಂಪಿನ ಕಥೆ ಇಲ್ಲಿಂದಲೇ ಆರಂಭವಾಗುತ್ತದೆ. 1952ರಲ್ಲಿ ಡಾ. ವೈ. ಎಂ. ಭೇಂಡೆಯವರೂ ಅವರ ಸಂಗಡಿಗರೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಪಡಿಸಿದರು. ಮುಂದೆ ಇದಕ್ಕೆ ‘ಬಾಂಬೆ ರಕ್ತಗುಂಪು’ ಎಂಬ ಹೆಸರು ನಿಂತಿತು. ಈ ರಕ್ತವುಳ್ಳವರಿಗೆ ಎ, ಬಿ, ಎಬಿ, ಒ ಎಂಬ ಸಾಮಾನ್ಯ ಗುಂಪುಗಳ ಪೈಕಿ ಯಾವುದರ ರಕ್ತವೂ ಹೊಂದದು. ಈ ವೈಚಿತ್ರ್ಯದ ಮೂಲದಲ್ಲಿರುವುದು ಒಂದೇ ಒಂದು ಅಕ್ಷರದ ಪಲ್ಲಟವೆಂದರೆ ನೀವು ನಂಬುವಿರಾ? ಅದು ಹೇಗೆಂಬುದನ್ನು ವಿಚಾರಿಸೋಣ.

ನಮ್ಮ ಜೀವಕೋಶಗಳಲ್ಲಿ ಡಿ.ಎನ್.ಎ. ಎಂಬ ನೀಳವಾದ ಅಣುವಿದೆ. ಎ, ಟಿ, ಜಿ, ಸಿ ಎಂಬ ನಾಲ್ಕು ಘಟಕಗಳೇ ಅದರ ವರ್ಣಮಾಲೆ. ಈ ಅಕ್ಷರಗಳಿಗೂ ರಕ್ತಗುಂಪಿನ ಹೆಸರುಗಳಿಗೂ ಸಂಬಂಧವಿಲ್ಲ. ವಂಶವಾಹಿಯೆಂಬುದು ಈ ಲಿಪಿಯಲ್ಲಿ ಬರೆದ ಒಂದು ಆಜ್ಞೆ. ಪ್ರೋಟೀನನ್ನು ಯಾವ ಕ್ರಮದಲ್ಲಿ ಕಟ್ಟಬೇಕೆಂದು ಅದು ತಿಳಿಸುತ್ತದೆ. ಮೂರು ಅಕ್ಷರ ಕೂಡಿದರೆ ಒಂದು ಪದ. ಒಂದು ಪದಕ್ಕೆ ಒಂದು ಅಮೈನೋ ಆಮ್ಲ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಲ್ಪಟ್ಟು ಪ್ರೋಟೀನಿನ ಸರವಾಗುತ್ತದೆ.

ಸರವು ಸರವಾಗಿಯೇ ಉಳಿಯುವುದಿಲ್ಲ. ಎಣ್ಣೆಯಂತೆ ನೀರಿಗೆ ಒಗ್ಗದ ಮಣಿಗಳು ಸಾಮಾನ್ಯವಾಗಿ ಒಳಕ್ಕೆ ಸರಿಯುತ್ತವೆ. ವಿದ್ಯುದಂಶವುಳ್ಳವು ಹೆಚ್ಚಾಗಿ ಹೊರಮೈಯಲ್ಲಿ ನಿಲ್ಲುತ್ತವೆ. ಹೀಗೆ ಮಡಿಸಿಕೊಂಡ ಪ್ರೋಟೀನು ತನ್ನದೇ ಆದ ಆಕಾರವನ್ನು ತಾಳುತ್ತದೆ. ಅದರ ಕೆಲಸವೆಲ್ಲವೂ ಈ ಆಕಾರವನ್ನೇ ಅವಲಂಬಿಸಿದೆ. ಹಲ್ಲು ಮುರಿದ ಬೀಗದಕೈ ಬೀಗವನ್ನು ತೆರೆಯಲಾರದಷ್ಟೆ?

ಡಿ.ಎನ್.ಎ.ಯ ಬರಹದಲ್ಲಾಗುವ ಬದಲಾವಣೆಗೆ ಉತ್ಪರಿವರ್ತನೆಯೆಂದು ಹೆಸರು. ‘ಕನಕ’ ಎಂಬಲ್ಲಿ ಮೊದಲಕ್ಷರ ಬದಲಾಗಿ ‘ಜನಕ’ ಎಂದಾದರೆ ಚಿನ್ನ ಹೋಗಿ ತಂದೆ ಬರುತ್ತಾನೆ! ಹಾಗೆಯೇ ಇಲ್ಲಿಯೂ ಒಂದು ಅಮೈನೋ ಆಮ್ಲದ ಸ್ಥಾನದಲ್ಲಿ ಇನ್ನೊಂದು ಬಂದು ಕೂರಬಹುದು. ಕೆಲವೊಮ್ಮೆ ಹೊಸ ಪದವು ಹಳೆಯದರ ಪರ್ಯಾಯಪದವೇ ಆಗಿರುವುದರಿಂದ ಪ್ರೋಟೀನು ಬದಲಾಗುವುದಿಲ್ಲ. ಕೆಲವೊಮ್ಮೆ ನಡುವೆಯೇ ಪೂರ್ಣವಿರಾಮ ಬಿದ್ದು ಪ್ರೋಟೀನು ಅರ್ಧಕ್ಕೆ ನಿಲ್ಲುತ್ತದೆ.

ಇನ್ನು ಬಾಂಬೆ ರಕ್ತಕ್ಕೆ ಬರೋಣ. ಕೆಂಪು ರಕ್ತಕಣದ ಮೇಲ್ಮೈಯಲ್ಲಿ ಸಕ್ಕರೆಯ ಘಟಕಗಳಿಂದಾದ ಸಣ್ಣ ಸರಪಳಿಗಳಿವೆ. ಒಂದು ಕಿಣ್ವವು ಅವುಗಳ ತುದಿಗೆ ಫ್ಯೂಕೋಸ್ ಎಂಬ ಸಕ್ಕರೆಯನ್ನು ಜೋಡಿಸುತ್ತದೆ. ಹೀಗಾದ ರಚನೆಗೆ ‘ಎಚ್’ ಎಂದು ಹೆಸರು. ಈ ಎಚ್‌ನ ಮೇಲೆ ಇನ್ನೊಂದು ಸಕ್ಕರೆ ಸೇರಿದರೆ ಎ ಗುಂಪು, ಮತ್ತೊಂದು ಸೇರಿದರೆ ಬಿ ಗುಂಪು, ಎರಡೂ ಬಗೆಯವು ಇದ್ದರೆ ಎಬಿ, ಏನೂ ಸೇರದೆ ಎಚ್ ಮಾತ್ರವೇ ಉಳಿದರೆ ಒ. ಆದುದರಿಂದ ಎಚ್ ಎಂಬುದು ಮನೆಗೆ ಅಡಿಪಾಯವಿದ್ದಂತೆ.

ಆ ಎಚ್ ಅನ್ನು ಕಟ್ಟುವ ಕಿಣ್ವವೂ ಒಂದು ಪ್ರೋಟೀನು. ವರ್ಷದಲ್ಲಿರುವ ದಿನಗಳಷ್ಟೇ, ಎಂದರೆ 365 ಅಮೈನೋ ಆಮ್ಲಗಳು ಅದರಲ್ಲಿವೆ. ಭಾರತದ ಬಾಂಬೆ ರಕ್ತದವರಲ್ಲಿ ಅದರ ವಂಶವಾಹಿಯ 725ನೆಯ ಅಕ್ಷರವಾದ ಟಿ ಹೋಗಿ ಜಿ ಬಂದಿರುವುದನ್ನು 1990ರ ದಶಕದಲ್ಲಿ ಗುರುತಿಸಲಾಯಿತು. ಇದರ ಫಲವಾಗಿ 242ನೆಯ ಸ್ಥಾನದಲ್ಲಿ ಲ್ಯೂಸಿನ್ ಬದಲು ಆರ್ಜಿನಿನ್ ಬರುತ್ತದೆ. ಲ್ಯೂಸಿನ್ ನೀರಿಗೆ ಒಗ್ಗದ್ದು. ಆರ್ಜಿನಿನ್ ಉದ್ದನೆಯದು, ಧನ ವಿದ್ಯುದಂಶವುಳ್ಳದ್ದು. ಉಳಿದ 364 ಮಣಿಗಳು ಯಥಾಸ್ಥಾನದಲ್ಲಿದ್ದರೂ ಕಿಣ್ವವು ಕೆಲಸಕ್ಕೆ ಬಾರದಂತಾಗುತ್ತದೆ. ಎಚ್ ಇಲ್ಲದೆ ಎ, ಬಿಗಳು ನಿಲ್ಲುವುದೆಲ್ಲಿ?

ಹೀಗಿದ್ದರೂ ಬಾಂಬೆ ರಕ್ತವು ರೋಗವಲ್ಲ. ಆ ರಕ್ತವುಳ್ಳವರು ಎಲ್ಲರಂತೆ ಆರೋಗ್ಯವಾಗಿ ಬಾಳುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, ಹಿಮೋಗ್ಲೋಬಿನ್ನಿನ ಒಂದು ಸರದ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಹೋಗಿ ವ್ಯಾಲಿನ್ ಬಂದರೆ, ಆಮ್ಲಜನಕ ಕಡಮೆಯಾದಾಗ ಆ ಅಣುಗಳು ಒಂದಕ್ಕೊಂದು ಅಂಟಿಕೊಂಡು ಕೆಂಪುಕಣವು ಕುಡುಗೋಲಿನಂತೆ ಬಾಗುತ್ತದೆ. ತಂದೆತಾಯಿಗಳಿಬ್ಬರಿಂದಲೂ ಇದು ಬಂದವರಿಗೆ ಕಠಿನವಾದ ರಕ್ತರೋಗ ತಪ್ಪದು. ಬದಲಾದುದು ಎರಡು ಕಡೆಯೂ ಒಂದೇ ಅಕ್ಷರ. ಆದರೆ ಅದು ಯಾವ ಪ್ರೋಟೀನಿನ ಯಾವ ಸ್ಥಾನದಲ್ಲಿ ಬದಲಾಯಿತೆಂಬುದರ ಮೇಲೆ ಫಲವು ನಿಂತಿದೆ.

ಬಾಂಬೆ ರಕ್ತದವರಿಗೆ ಗಂಡಾಂತರವೊದಗುವುದು ರಕ್ತ ಬೇಕಾದಾಗ. ಅವರ ರಕ್ತದಲ್ಲಿ ಎ, ಬಿ, ಎಚ್ ಮೂರನ್ನೂ ವಿರೋಧಿಸುವ ಪ್ರತಿಕಾಯಗಳಿರುತ್ತವೆ. ಎ, ಬಿಗಳನ್ನು ಮಾತ್ರ ಹುಡುಕುವ ಪರೀಕ್ಷೆಯಲ್ಲಿ ಅವರ ರಕ್ತವು ಒ ಎಂದೇ ತೋರುತ್ತದೆ. ಆದರೆ ಒ ರಕ್ತವನ್ನು ಕೊಟ್ಟರೆ ಪ್ರಾಣಕ್ಕೇ ಅಪಾಯ. ಅವರ ರಕ್ತದ್ರವವನ್ನು ಒ ಗುಂಪಿನ ಕಣಗಳೊಡನೆ ಬೆರೆಸಿ ನೋಡಿದರೆ ಕಣಗಳು ಗರಣೆಗಟ್ಟಿ ಸತ್ಯವು ಹೊರಬೀಳುತ್ತದೆ. ಎಚ್ ಅನ್ನು ಗುರುತಿಸಲು ಯೂಲೆಕ್ಸ್ ಎಂಬ ಮುಳ್ಳುಪೊದೆಯ ಬೀಜದ ಸಾರವೂ ಉಪಯೋಗಕ್ಕೆ ಬರುತ್ತದೆ.

ಭಾರತದಲ್ಲಿ ಇಂಥವರು ಸುಮಾರು ಹತ್ತು ಸಾವಿರಕ್ಕೊಬ್ಬರೆಂದು ಅಂದಾಜು, ಕರ್ನಾಟಕದಲ್ಲಿಯೂ ಇದ್ದಾರೆ. ಬದಲಾದ ವಂಶವಾಹಿಯು ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ಮಗುವಿನಲ್ಲಿ ಬಾಂಬೆ ರಕ್ತ ಕಾಣಿಸಿಕೊಳ್ಳುತ್ತದೆ. ಅದನ್ನು ಒಂದೊಂದು ಪ್ರತಿಯಾಗಿ ಹೊತ್ತ ದಂಪತಿಗಳ ಪ್ರತಿಯೊಂದು ಮಗುವಿಗೂ ಈ ಸಂಭವ ನಾಲ್ಕರಲ್ಲಿ ಒಂದು ಪಾಲು. ರಕ್ತಸಂಬಂಧದೊಳಗೆ ಮದುವೆಯಾಗುವ ಕುಟುಂಬಗಳಲ್ಲಿ ಇದು ಕೂಡಿಬರುವುದು ಹೆಚ್ಚು. ಒಬ್ಬರಲ್ಲಿ ಈ ರಕ್ತ ಕಂಡುಬಂದರೆ ಒಡಹುಟ್ಟಿದವರನ್ನೂ ಪರೀಕ್ಷಿಸುವುದು ಇದೇ ಕಾರಣದಿಂದ. ತಕ್ಕ ದಾನಿ ಆ ಮನೆಯಲ್ಲಿಯೇ ದೊರೆಯಬಹುದು.

ವಿದ್ಯಾರ್ಥಿಮಿತ್ರರೇ, ಹದಿನೆಂಟು ತುಂಬಿದ ಬಳಿಕ ಆರೋಗ್ಯವಂತರಾದ ನೀವೂ ರಕ್ತದಾನ ಮಾಡಬಹುದು. ಅಂದು ನಿಮ್ಮ ಗುಂಪನ್ನು ಸರಿಯಾಗಿ ತಿಳಿದುಕೊಳ್ಳಿರಿ. ಈ ಕೋಟ್ಯಂತರ ಜನರ ನಗರದಲ್ಲಿ ಯಾರೋ ಒಬ್ಬರು ಹಾದಿ ಕಾಯುತ್ತಿರುವ ದಾನಿ ನಿಮ್ಮಲ್ಲೊಬ್ಬರೇ ಆಗಿರಬಹುದು.