ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳ ಮೂಲರೂಪ ಪುನಶ್ಚೇತನ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಹಳೆಯ ಜಾವಾ ಮತ್ತು ಯೆಜ್ಡಿ ಮೋಟಾರ್‌ಸೈಕಲ್‌ಗಳನ್ನು, ಅವು ಕಾರ್ಖಾನೆಯಿಂದ ಹೊರಬಂದಾಗ ಇದ್ದ ಸ್ಥಿತಿಗೆ ಮರಳಿ ತರುವ ಕೆಲಸವನ್ನು ಮೂಲರೂಪ ಪುನಶ್ಚೇತನ ಎನ್ನಬಹುದು. ಬಳಕೆಯ ಮಾತಿನಲ್ಲಿ ಇದನ್ನು ರೆಸ್ಟೋರೇಷನ್ ಎಂದೇ ಕರೆಯುತ್ತಾರೆ. ವಾಹನವನ್ನು ಓಡುವಂತೆ ಮಾಡುವುದು ದುರಸ್ತಿ. ಹೊಸದರಂತೆ ಹೊಳೆಯುವಂತೆ ಮಾಡುವುದು ಅಲಂಕಾರ. ಮೂಲರೂಪ ಪುನಶ್ಚೇತನವು ಇವೆರಡಕ್ಕಿಂತ ಭಿನ್ನವಾದುದು. ಇದರಲ್ಲಿ ತಿರುಪಿನ ತಲೆಯ ಆಕಾರ, ಬಣ್ಣದ ಛಾಯೆ, ಟ್ಯಾಂಕಿನ ಲಾಂಛನ, ಲೋಹದ ಲೇಪನ ಮೊದಲಾದ ಸಣ್ಣ ವಿವರಗಳೂ ಆಯಾ ವರ್ಷದ ಆಯಾ ಮಾದರಿಗೆ ಹೊಂದಬೇಕಾಗುತ್ತದೆ.

ಹಿನ್ನೆಲೆ

ಜಾವಾ ಎಂಬುದು 1929ರಲ್ಲಿ ಚೆಕೊಸ್ಲೊವಾಕಿಯಾದಲ್ಲಿ ಆರಂಭವಾದ ಸಂಸ್ಥೆ. ಸ್ಥಾಪಕ ಯಾನೆಚೆಕ್ ಅವರ ಹೆಸರಿನ ಮತ್ತು ವಾಂಡರರ್ ಎಂಬ ಜರ್ಮನ್ ಕಂಪನಿಯ ಹೆಸರಿನ ಮೊದಲ ಅಕ್ಷರಗಳು ಸೇರಿ ಈ ಹೆಸರು ಬಂದಿದೆ. 1960ರಲ್ಲಿ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಮೈಸೂರಿನಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಸ್ಥಾಪಿಸಿದರು. ಯಾದವಗಿರಿಯಲ್ಲಿದ್ದ ಕಾರ್ಖಾನೆಯನ್ನು ಅಂದಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟಿಸಿದರು. ಚೆಕ್ ಪರವಾನಗಿಯಡಿ ತಯಾರಾದ ಜಾವಾ 250 ಇಲ್ಲಿನ ಮೊದಲ ಪ್ರಮುಖ ಮಾದರಿ. 1973ರಿಂದ ವಾಹನಗಳು ಯೆಜ್ಡಿ ಎಂಬ ಹೆಸರಿನಲ್ಲಿ ಮಾರಾಟವಾದವು. 1978ರಲ್ಲಿ ಬಂದ ರೋಡ್‌ಕಿಂಗ್ ಈ ಹೆಸರಿನ ಅತ್ಯಂತ ಜನಪ್ರಿಯ ಮಾದರಿಯಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕಾರ್ಖಾನೆ ಮುಚ್ಚಿದ ಬಳಿಕ ಅಧಿಕೃತ ಬಿಡಿಭಾಗಗಳ ಪೂರೈಕೆ ನಿಂತುಹೋಯಿತು. ವಾಹನಗಳು ಮಾತ್ರ ರಸ್ತೆಯಲ್ಲೇ ಉಳಿದವು. ಕೈಗೆ ಸಿಕ್ಕ ಭಾಗವನ್ನು ಹೊಂದಿಸಿ ಓಡಿಸುವುದು ಅನಿವಾರ್ಯವಾದುದರಿಂದ, ಇಂದು ಮನೆಯ ಹಿತ್ತಲಿನಲ್ಲೋ ಗ್ಯಾರೇಜಿನ ಮೂಲೆಯಲ್ಲೋ ಸಿಗುವ ಬಹುತೇಕ ವಾಹನಗಳಲ್ಲಿ ಎರಡು ಮೂರು ಮಾದರಿಗಳ ಭಾಗಗಳು ಕಲೆತಿರುತ್ತವೆ. ಪುನಶ್ಚೇತನದ ಮುಖ್ಯ ತೊಡಕು ಇದೇ. ತುಕ್ಕು ಹಿಡಿದದ್ದನ್ನು ಸರಿಪಡಿಸುವುದು ಅಷ್ಟು ಕಷ್ಟವಲ್ಲ. ಯಾವುದು ಮೂಲದ್ದು, ಯಾವುದು ನಂತರ ಸೇರಿದ್ದು ಎಂದು ತೀರ್ಮಾನಿಸುವುದು ಕಷ್ಟ.

ಪರಿಕಲ್ಪನೆಯ ಬೆಳವಣಿಗೆ

ಕಾರ್ಖಾನೆಯ ಸಣ್ಣ ವಿವರಗಳಿಗೆ ಇಷ್ಟು ಮಹತ್ವ ಕೊಡುವ ಪದ್ಧತಿಯು ಅಮೆರಿಕದ ಹಳೆಯ ಕಾರುಗಳ ವಲಯದಲ್ಲಿ ಬಹಳ ಬಲವಾಗಿ ಬೆಳೆಯಿತು. 1964ರ ಪಾಂಟಿಯಾಕ್ ಜಿಟಿಒ, 1967ರ ಷೆವರ್ಲೆ ಕಮಾರೊ ಮೊದಲಾದ ಹೆಚ್ಚು ಶಕ್ತಿಯ ಎಂಜಿನ್ನಿನ ಕಾರುಗಳನ್ನು ಅಲ್ಲಿ ಮಸಲ್ ಕಾರ್ ಎನ್ನುತ್ತಾರೆ. ಇಂಥ ಕಾರಿನ ಎಂಜಿನ್ನಿನ ಮೇಲೆ ಒತ್ತಿದ ಸಂಖ್ಯೆಯು ಕಾರಿನ ಗುರುತಿನ ಸಂಖ್ಯೆಯೊಂದಿಗೆ ತಾಳೆಯಾದರೆ ಅದರ ಬೆಲೆಯೇ ಬೇರೆ. ಎರಕದ ಭಾಗಗಳ ಮೇಲಿನ ದಿನಾಂಕ, ರಬ್ಬರ್ ಕೊಳವೆಯ ಪಟ್ಟಿ, ತಪಾಸಕರು ಸೀಮೆಸುಣ್ಣದಲ್ಲಿ ಹಾಕುತ್ತಿದ್ದ ಗುರುತು, ಅಡಿಭಾಗಕ್ಕೆ ಸಿಡಿದ ಬಣ್ಣದ ಹನಿ ಇವನ್ನೂ ಮರುಸೃಷ್ಟಿಸುವವರಿದ್ದಾರೆ. ಷೆವರ್ಲೆ ಕಾರ್ವೆಟ್ ಕಾರುಗಳ ಮೂಲತನವನ್ನು ಪರಿಶೀಲಿಸಿ ಪ್ರಮಾಣೀಕರಿಸುವ ಬ್ಲೂಮಿಂಗ್ಟನ್ ಗೋಲ್ಡ್ ಕಾರ್ಯಕ್ರಮ 1973ರಲ್ಲಿ ಆರಂಭವಾಯಿತು.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಈ ವಿಷಯವನ್ನು ಬೇರೊಂದು ಕೋನದಿಂದ ನೋಡುತ್ತದೆ. ಇದ್ದುದನ್ನು ಇದ್ದಂತೆ ಕಾಪಾಡುವುದು ಮೊದಲ ಆಯ್ಕೆಯಾಗಬೇಕು, ಪುನಶ್ಚೇತನವು ಅಗತ್ಯವಿದ್ದಲ್ಲಿ ಮಾತ್ರ ನಡೆಯಬೇಕು ಎಂಬುದು ಅದರ ನಿಲುವು. ಸವೆದ ಮೂಲ ಬಣ್ಣವನ್ನು ಕೆರೆದು ತೆಗೆದು ಅದೇ ಛಾಯೆಯ ಹೊಸ ಬಣ್ಣ ಬಳಿದರೆ ವಾಹನವು ನೋಡಲು ಮೂಲದಂತೆ ಆಗುತ್ತದೆ, ಆದರೆ ಮೂಲ ಸಾಕ್ಷ್ಯವೊಂದು ಅಳಿಯುತ್ತದೆ. ಕರ್ನಾಟಕದಲ್ಲಿ ಈ ವ್ಯತ್ಯಾಸಕ್ಕೆ ಸಿಗಬೇಕಾದ ಗಮನ ಇನ್ನೂ ಸಿಕ್ಕಿಲ್ಲ. ಪೂರ್ತಿ ಬಿಚ್ಚಿ ಪೂರ್ತಿ ಬಳಿಯುವುದೇ ಇಲ್ಲಿ ರೂಢಿ.

ಮೂಲವನ್ನು ಗುರುತಿಸುವ ಬಗೆ

ವಾಹನವನ್ನು ಬಿಚ್ಚುವ ಮೊದಲೇ ಸಾಕ್ಷ್ಯ ಸಂಗ್ರಹ ಆರಂಭವಾಗಬೇಕು. ಪ್ರತಿ ಭಾಗದ ಛಾಯಾಚಿತ್ರ ತೆಗೆದು, ಬಿಚ್ಚಿದ ತಿರುಪುಗಳನ್ನು ಆಯಾ ಭಾಗದ ಹೆಸರು ಬರೆದ ಪೊಟ್ಟಣಗಳಲ್ಲಿ ಇಡುವುದು ವಾಡಿಕೆ. ಮೂಲ ಬಣ್ಣವನ್ನು ತಿಳಿಯಲು ಬಿಸಿಲು, ಬಟ್ಟೆ ಮತ್ತು ಬ್ರಷ್ಷು ತಲುಪದ ಜಾಗಗಳನ್ನು ನೋಡಲಾಗುತ್ತದೆ. ಟ್ಯಾಂಕಿನ ಕೆಳಬದಿ, ಲಾಂಛನದ ಹಿಂಭಾಗ, ಉಪಕರಣ ಪೆಟ್ಟಿಗೆಯ ಒಳಗೋಡೆ ಇವು ಸಾಮಾನ್ಯವಾಗಿ ಮೂಲ ಬಣ್ಣವನ್ನು ಉಳಿಸಿಕೊಂಡಿರುತ್ತವೆ. ಇತರೆಡೆಗಳಲ್ಲಿ ನೀರು ಹಾಕಿ ನುಣುಪಾದ ಉಪ್ಪುಕಾಗದದಿಂದ ಉಜ್ಜಿದಾಗ ಒಂದರ ಕೆಳಗೊಂದು ಬಣ್ಣದ ಪದರಗಳು ಮರದ ಉಂಗುರಗಳಂತೆ ಕಾಣಿಸಿಕೊಳ್ಳುತ್ತವೆ.

ಬಿಡಿಭಾಗಗಳ ಸಚಿತ್ರ ಪಟ್ಟಿ, ಮಾಲೀಕರ ಕೈಪಿಡಿ ಮತ್ತು ಅಂದಿನ ಜಾಹೀರಾತುಗಳು ಎರಡನೆಯ ಆಧಾರ. ಜಾಹೀರಾತಿನ ಚಿತ್ರಗಳಲ್ಲಿ ಬಣ್ಣವನ್ನು ಕೈಯಿಂದ ತಿದ್ದಿರುವ ಸಾಧ್ಯತೆ ಇರುವುದರಿಂದ ಅವನ್ನು ಪೂರ್ತಿ ನಂಬಲಾಗದು. ಇವೆಲ್ಲಕ್ಕಿಂತ ಹೆಚ್ಚು ಉಪಯುಕ್ತವಾದ, ಆದರೆ ಹೆಚ್ಚಿನವರು ಮರೆಯುವ ಆಧಾರವೆಂದರೆ ಕುಟುಂಬದ ಆಲ್ಬಮ್. ಹೊಸ ಬೈಕು ಮನೆಗೆ ಬಂದ ದಿನ ಹಾರ ಹಾಕಿ ತೆಗೆಸಿದ ಕಪ್ಪು ಬಿಳುಪು ಚಿತ್ರದಲ್ಲಿ ಬಣ್ಣ ತಿಳಿಯದಿದ್ದರೂ ಸೀಟಿನ ಹೊಲಿಗೆ, ಲಾಂಛನದ ಆಕಾರ, ಹಿಂದೀಪದ ಬಗೆ ಸ್ಪಷ್ಟವಾಗಿ ಕಾಣುತ್ತವೆ.

ಕಾರ್ಖಾನೆಯು ತಾನೇ ಸದಾ ಏಕರೂಪವಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಆರಂಭದಲ್ಲಿ ಚೆಕೊಸ್ಲೊವಾಕಿಯಾದಿಂದ ಬರುತ್ತಿದ್ದ ಭಾಗಗಳ ಸ್ಥಾನವನ್ನು ಭಾರತದಲ್ಲಿ ತಯಾರಾದ ಭಾಗಗಳು ಒಂದೇ ದಿನದಲ್ಲಿ ಆಕ್ರಮಿಸಲಿಲ್ಲ. ಹೀಗಾಗಿ ಒಂದೇ ವರ್ಷದ ಎರಡು ವಾಹನಗಳಲ್ಲಿ ಸಣ್ಣ ವ್ಯತ್ಯಾಸಗಳಿದ್ದರೆ ಎರಡೂ ಸರಿಯಾಗಿರಬಹುದು. ಒಂದು ವಾಹನವನ್ನು ನೋಡಿ ಇನ್ನೊಂದನ್ನು ತಿದ್ದುವಾಗ ಈ ಎಚ್ಚರ ಅಗತ್ಯ.

ಸಾಮಾನ್ಯವಾಗಿ ತಪ್ಪುವ ವಿವರಗಳು

ಜಾವಾ 250ರ ಹೆಸರಿನೊಂದಿಗೆ ಮೊದಲು ನೆನಪಾಗುವುದು ಅದರ ಕಡುಗೆಂಪು ಬಣ್ಣ. ಟ್ಯಾಂಕಿನ ಎರಡೂ ಬದಿಗೆ ಕ್ರೋಮಿಯಂ ಹೊಳಪು, ಮೊಣಕಾಲು ತಾಗುವಲ್ಲಿ ರಬ್ಬರ್ ಪಟ್ಟಿ, ಬಣ್ಣ ಮತ್ತು ಕ್ರೋಮಿಯಂ ಸೇರುವ ಅಂಚಿನಲ್ಲಿ ಚಿನ್ನದ ಬಣ್ಣದ ಗೆರೆ ಇರುತ್ತದೆ. ಹೆಚ್ಚಿನ ತಪ್ಪುಗಳು ನಡೆಯುವುದೂ ಇಲ್ಲಿಯೇ. ಇಂದಿನ ಕಾರುಗಳಿಗೆ ಬಳಸುವ ಲೋಹದ ಮಿನುಗಿನ ಕೆಂಪು ಬಣ್ಣ ಬಳಿದರೆ ನೆರಳಿನಲ್ಲಿ ಸರಿಯಾಗಿ ಕಂಡರೂ ಬಿಸಿಲಿನಲ್ಲಿ ಮೋಸ ಬಯಲಾಗುತ್ತದೆ. ಚಿನ್ನದ ಗೆರೆಯ ಬದಲಿಗೆ ಸ್ಟಿಕ್ಕರ್ ಅಂಟಿಸುವುದು ಇನ್ನೊಂದು ರೂಢಿ. ಬ್ರಷ್ಷಿನಲ್ಲಿ ಎಳೆದ ಗೆರೆಯು ತಿರುವಿನಲ್ಲಿ ತುಸು ದಪ್ಪವಾಗಿ, ಕೊನೆಯಲ್ಲಿ ತೆಳುವಾಗುತ್ತದೆ. ಸ್ಟಿಕ್ಕರಿನ ಗೆರೆ ಎಲ್ಲೆಡೆ ಒಂದೇ ಅಗಲವಿರುತ್ತದೆ. ಬೋರ್ಡ್ ಬರೆಯುವ ಕಲಾವಿದರ ಕಸುಬು ಫ್ಲೆಕ್ಸ್ ಬಂದ ಮೇಲೆ ಕ್ಷೀಣಿಸಿದ್ದರಿಂದ ಕೈಗೆರೆ ಎಳೆಯಬಲ್ಲವರು ವಿರಳವಾಗಿದ್ದಾರೆ.

ತಿರುಪುಗಳ ವಿಷಯದಲ್ಲಿಯೂ ಹಾಗೆಯೇ. ಎಂಜಿನ್ನಿನ ಪಕ್ಕದ ಮುಚ್ಚಳಗಳಿಗೆ ಸ್ಕ್ರೂಡ್ರೈವರ್ ಕೂರುವ ನೇರ ಸೀಳಿನ ತಿರುಪುಗಳಿದ್ದವು. ಅವುಗಳ ತಲೆ ಸವೆದುಹೋದಾಗ ಮೆಕ್ಯಾನಿಕ್‌ಗಳು ಆರು ಮೂಲೆಯ ಅಲೆನ್ ಬೋಲ್ಟು ಹಾಕುತ್ತಾರೆ. ಬಳಕೆಯ ದೃಷ್ಟಿಯಿಂದ ಇದು ಒಳ್ಳೆಯದೇ, ಆದರೆ ಮೂಲರೂಪವಲ್ಲ. ಜಾವಾ ಚೆಕ್ ವಿನ್ಯಾಸವಾದುದರಿಂದ ಅದರ ಮರೆಗಳು ಮಿಲಿಮೀಟರ್ ಅಳತೆಯವು. ಬ್ರಿಟಿಷ್ ಮೂಲದ ಬುಲೆಟ್‌ಗೆ ಬಳಸುತ್ತಿದ್ದ ಇಂಚಿನ ಅಳತೆಯ ಬೋಲ್ಟನ್ನು ಬಲವಂತದಿಂದ ತಿರುಗಿಸಿದರೆ ಅಲ್ಯುಮಿನಿಯಂ ಕವಚದ ಮರೆ ಕಿತ್ತುಹೋಗುತ್ತದೆ. ಆಗ ಲೇತ್ ಅಂಗಡಿಯಲ್ಲಿ ಕೊರೆದು ಹೊಸ ಒಳಮರೆ ಕೂರಿಸದೆ ಬೇರೆ ದಾರಿಯಿಲ್ಲ.

ಅತಿಯಾದ ಹೊಳಪು ಕೂಡ ದೋಷವೇ. ಕಾರ್ಖಾನೆಯಲ್ಲಿ ಎಲ್ಲ ಭಾಗಗಳಿಗೂ ಕ್ರೋಮಿಯಂ ಹಾಕಿರಲಿಲ್ಲ. ಸಣ್ಣ ಬೋಲ್ಟು ನಟ್ಟುಗಳಿಗೆ ಮಂಕಾದ ಲೇಪನವಿತ್ತು, ಎರಕದ ಅಲ್ಯುಮಿನಿಯಂ ಭಾಗಗಳು ಕನ್ನಡಿಯಂತಿರಲಿಲ್ಲ. ಎಲ್ಲವನ್ನೂ ಬಫ್ ಮಾಡಿಸಿ ಹೊಳೆಯಿಸಿದ ವಾಹನವು ಪ್ರದರ್ಶನದಲ್ಲಿ ಜನರನ್ನು ಸೆಳೆದರೂ ಬಲ್ಲವರು ಅದನ್ನು ಅತಿ ಪುನಶ್ಚೇತನವೆಂದು ಪರಿಗಣಿಸುತ್ತಾರೆ. ದಪ್ಪ ಪೌಡರ್ ಕೋಟಿಂಗ್‌ನಿಂದ ಇನ್ನೊಂದು ಹಾನಿಯೂ ಇದೆ: ಚಾಸಿಸ್ ಮೇಲೆ ಒತ್ತಿದ ಸಂಖ್ಯೆ ಅದರಡಿ ಮುಚ್ಚಿಹೋಗುತ್ತದೆ.

ಟೈರು ಮತ್ತು ಸೈಲೆನ್ಸರ್‌ಗಳನ್ನು ಸಂಕ್ಷೇಪವಾಗಿ ಹೇಳಬಹುದು. ಹಳೆಯ ಜಾವಾ 250ಕ್ಕೆ 16 ಇಂಚಿನ ಚಕ್ರಗಳಿದ್ದವು, ದೊಡ್ಡ ಚಕ್ರ ಹಾಕಿದರೆ ಅದರ ತಗ್ಗಿದ ನಿಲುವೇ ಕೆಡುತ್ತದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದು ಈ ವಾಹನದ ಲಕ್ಷಣ. ಸದ್ದಿಗಾಗಿ ಒಳಗಿನ ಜಾಲರಿ ಕೊಳವೆಯನ್ನು ತೆಗೆದುಹಾಕಿದ ವಾಹನಗಳು ಹೇರಳವಾಗಿವೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಯ ಹಿಮ್ಮುಖ ಒತ್ತಡವು ಎಂಜಿನ್ನಿನ ಕೆಲಸದ ಒಂದು ಭಾಗವಾದುದರಿಂದ, ಇದರಿಂದ ಸದ್ದು ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ.

ಎಂಜಿನ್ ಮತ್ತು ಒಳಭಾಗಗಳು

ಜಾವಾ 250ರ ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ.; ಇದರಿಂದ ಸುಮಾರು 249 ಘನ ಸೆಂ.ಮೀ. ಗಾತ್ರ ದೊರೆಯುತ್ತದೆ. ಸವೆದ ಸಿಲಿಂಡರನ್ನು ಕೊರೆದು ತುಸು ದೊಡ್ಡ ಪಿಸ್ಟನ್ ಹಾಕುವುದನ್ನು ಮೂಲರೂಪಕ್ಕೆ ಭಂಗವೆಂದು ಯಾರೂ ಪರಿಗಣಿಸುವುದಿಲ್ಲ, ಏಕೆಂದರೆ ಎಂಜಿನ್ನಿನ ವಿನ್ಯಾಸದಲ್ಲಿಯೇ ಅದಕ್ಕೆ ಅವಕಾಶವಿತ್ತು.

ಎಡಬದಿಯ ಒಂದೇ ಸನ್ನೆಯು ಕಿಕ್ಕರ್ ಆಗಿಯೂ ಗೇರ್ ಬದಲಿಸುವ ಕೋಲಾಗಿಯೂ ಕೆಲಸ ಮಾಡುವುದು ಈ ವಾಹನಗಳ ಪ್ರಸಿದ್ಧ ವೈಶಿಷ್ಟ್ಯ. ಸನ್ನೆಯನ್ನು ಎಂಜಿನ್ನಿನತ್ತ ಒತ್ತಿ ಮೇಲಕ್ಕೆ ತಿರುಗಿಸಿ ಒದೆಯಲಾಗುತ್ತದೆ. ಎಂಜಿನ್ ಚಾಲೂ ಆದ ಮೇಲೆ ಅದು ಮುಂದಕ್ಕೆ ಮರಳಿ ಗೇರಿನ ಸ್ಥಾನಕ್ಕೆ ಬರುತ್ತದೆ. ಗೇರ್ ಬದಲಿಸುವಾಗ ಸನ್ನೆಯ ಚಲನೆಯೇ ಕ್ಲಚ್ಚನ್ನು ಬಿಡಿಸುವ ಏರ್ಪಾಟೂ ಹಳೆಯ ಜಾವಾದಲ್ಲಿತ್ತು. ಕ್ಲಚ್ಚಿನ ಹೊಂದಿಕೆ ತಪ್ಪಿದರೆ ಈ ಏರ್ಪಾಟು ಕೆಲಸ ಮಾಡುವುದಿಲ್ಲ. ಇಂಥ ಒಳಗಿನ ವಿವರವು ಕಣ್ಣಿಗೆ ಕಾಣದ ಕಾರಣ ಹೊರಗೆ ಥಳಥಳಿಸುವ ಎಷ್ಟೋ ವಾಹನಗಳಲ್ಲಿ ಅದು ಸತ್ತೇ ಇರುತ್ತದೆ.

ಬಿಳಿ ಹೊಗೆ ನಿಲ್ಲದಿದ್ದರೆ ಕ್ರ್ಯಾಂಕಿನ ಪಕ್ಕದ ರಬ್ಬರ್ ಸೀಲುಗಳನ್ನು ಸಂಶಯಿಸಬೇಕು; ಸೀಲು ಸೋತಾಗ ಪಕ್ಕದ ಎಣ್ಣೆ ಕ್ರ್ಯಾಂಕಿನ ಕೋಣೆಗೆ ಇಳಿದು ಉರಿಯುತ್ತದೆ. ಕಿಡಿಯ ಪಾಯಿಂಟುಗಳ ನಡುವಿನ ಅಂತರ 0.4 ಮಿ.ಮೀ. ಇರಬೇಕು. ಪಾಯಿಂಟು ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು, 6 ವೋಲ್ಟಿನ ವ್ಯವಸ್ಥೆಯನ್ನು 12 ವೋಲ್ಟಿಗೆ ಬದಲಿಸುವುದು, ಚೆಕ್ ಮೂಲದ ಜಿಕೋವ್ ಕಾರ್ಬುರೇಟರ್ ತೆಗೆದು ಬೇರೆಯದನ್ನು ಹಾಕುವುದು ಇವು ದಿನವೂ ಓಡಿಸುವವರು ಮಾಡಿಕೊಳ್ಳುವ ಬದಲಾವಣೆಗಳು. ಮೂಲ ಭಾಗಗಳನ್ನು ಎಸೆಯದೆ ಎತ್ತಿಟ್ಟುಕೊಂಡರೆ ಇವನ್ನು ಮತ್ತೆ ಹಿಂತಿರುಗಿಸಬಹುದು.

ಪೆಟ್ರೋಲಿಗೆ ಲೀಟರೊಂದಕ್ಕೆ ಸುಮಾರು 40 ಮಿ.ಲೀ. ಎಣ್ಣೆ ಬೆರೆಸಲಾಗುತ್ತದೆ. ಪೆಟ್ರೋಲಿನೊಂದಿಗೆ ಮಾತ್ರ ಎಣ್ಣೆ ಒಳಗೆ ಹೋಗುವುದರಿಂದ, ಹನುಮಂತನಗರದ ರಾಮಾಂಜನೇಯ ಗುಡ್ಡದ ಆಸುಪಾಸಿನಂಥ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ವೇಗವಾಗಿ ತಿರುಗುವ ಪಿಸ್ಟನ್ನಿಗೆ ಎಣ್ಣೆ ಸಾಲದು. ಹೊಸದಾಗಿ ಬೋರ್ ಮಾಡಿಸಿದ ಎಂಜಿನ್ ಹೀಗೆ ಕಚ್ಚಿಕೊಳ್ಳುವ ಅಪಾಯವಿದೆ.

ಬಿಡಿಭಾಗಗಳ ಲಭ್ಯತೆ

ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯದ ಅಂಗಡಿಗಳು, ಶಿವಾಜಿನಗರದ ಗುಜರಿ ಇವು ಹಳೆಯ ವಾಹನದ ಭಾಗಗಳನ್ನು ಹುಡುಕುವವರ ಪರಿಚಿತ ತಾಣಗಳು. ಕಾರ್ಖಾನೆಯಲ್ಲಿ ತಯಾರಾಗಿ ಬಳಕೆಯಾಗದೆ ಉಳಿದ ಭಾಗಕ್ಕೆ ಬೇಡಿಕೆ ಹೆಚ್ಚು, ನಕಲು ಭಾಗ ಅಗ್ಗ. ಬಳಸಿದ ಮೂಲ ಭಾಗವು ಇವೆರಡರ ನಡುವಿನ ದಾರಿ. ಲಾಂಛನಗಳ ನಕಲುಗಳಲ್ಲಿ ಅಕ್ಷರದ ಅಂಚು ಮೊಂಡಾಗಿರುತ್ತದೆ. ರಬ್ಬರಿನ ನಕಲುಗಳು ಬೇಗ ಬಿರಿಯುತ್ತವೆ. ಬೆಂಗಳೂರು ಜಾವಾ ಯೆಜ್ಡಿ ಮೋಟಾರ್‌ಸೈಕಲ್ ಕ್ಲಬ್‌ನಂಥ ಕೂಟಗಳಲ್ಲಿ ಭಾಗಗಳ ಜೊತೆಗೆ ಮಾಹಿತಿಯೂ ಕೈಬದಲಾಗುತ್ತದೆ. ಜುಲೈ ತಿಂಗಳ ಎರಡನೆಯ ಭಾನುವಾರ ಆಚರಿಸುವ ಅಂತರರಾಷ್ಟ್ರೀಯ ಜಾವಾ ದಿನದಂದು ಒಂದೇ ಮಾದರಿಯ ಹಲವು ವಾಹನಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ ಹೋಲಿಸುವ ಅವಕಾಶ ಸಿಗುತ್ತದೆ.

2018ರಲ್ಲಿ ಜಾವಾ ಮತ್ತು 2022ರಲ್ಲಿ ಯೆಜ್ಡಿ ಹೆಸರಿನ ಹೊಸ ವಾಹನಗಳು ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆಯಿಂದ ಮಾರುಕಟ್ಟೆಗೆ ಬಂದವು. ಇವು ನಾಲ್ಕು ಸ್ಟ್ರೋಕಿನ, ನೀರಿನಿಂದ ತಣಿಯುವ ಎಂಜಿನ್ನಿನ ಬೇರೆಯೇ ವಾಹನಗಳಾದುದರಿಂದ ಅವುಗಳ ಎಂಜಿನ್ ಭಾಗಗಳು ಹಳೆಯವಕ್ಕೆ ಹೊಂದುವುದಿಲ್ಲ.

ಕಾನೂನಿನ ಅಂಶಗಳು

ಮೂಲರೂಪದ ಪ್ರಶ್ನೆಯು ಭಾರತದಲ್ಲಿ ಹವ್ಯಾಸದ ಮಟ್ಟದಲ್ಲೇ ಉಳಿದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಜುಲೈ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿದಿರುವ, ಚಾಸಿಸ್, ಹೊರಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಬದಲಾವಣೆಯಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ; ನೋಂದಣಿಯ ಅವಧಿ 10 ವರ್ಷ. ಹೊಸ ನೋಂದಣಿ ಸಂಖ್ಯೆಯಲ್ಲಿ ರಾಜ್ಯದ ಸಂಕೇತದ ನಂತರ ವಿಎ ಎಂಬ ಅಕ್ಷರಗಳಿರುತ್ತವೆ, ಈಗಾಗಲೇ ನೋಂದಣಿಯಾಗಿರುವ ವಾಹನವು ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಹೀಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥ ಉದ್ದೇಶಗಳಿಗೆ ರಸ್ತೆಗೆ ತರಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. 1960ರ ದಶಕದ ಜಾವಾಗಳೆಲ್ಲ ಈ ವಯೋಮಿತಿಯನ್ನು ದಾಟಿವೆ. 1978ರ ರೋಡ್‌ಕಿಂಗ್‌ಗಳು 2028ರಲ್ಲಿ ದಾಟುತ್ತವೆ.

ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳೆರಡೂ ನೋಂದಣಿ ಪತ್ರದೊಂದಿಗೆ ತಾಳೆಯಾಗಬೇಕು. ಬೇರೆ ವಾಹನದ ಎಂಜಿನ್ ಕೂರಿಸಿದ್ದರೆ ಅದನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ದಾಖಲಿಸಬೇಕಾಗುತ್ತದೆ. ತುಕ್ಕಿನಿಂದ ಮಾಸಿದ ಸಂಖ್ಯೆಯನ್ನು ಕೆರೆದು ಮತ್ತೆ ಒತ್ತಿಸುವುದು ಕಳವಿನ ಸಂಶಯಕ್ಕೆ ಎಡೆಮಾಡುತ್ತದೆ, ಆದ್ದರಿಂದ ಆ ಭಾಗಕ್ಕೆ ಮರಳು ಸಿಡಿಸುವ ಶುದ್ಧೀಕರಣ ಮಾಡುವ ಮೊದಲು ಸಂಖ್ಯೆಯನ್ನು ಟೇಪಿನಿಂದ ಮುಚ್ಚಲಾಗುತ್ತದೆ. ನೋಂದಣಿ ಪತ್ರದಲ್ಲಿ ಬಣ್ಣದ ನಮೂದೂ ಇರುತ್ತದೆ. ಹಿಂದಿನ ಮಾಲೀಕರೊಬ್ಬರು ಕಪ್ಪು ಬಣ್ಣ ಬಳಿಸಿ ಹಾಗೆಯೇ ದಾಖಲಿಸಿದ್ದ ಜಾವಾವನ್ನು ಕಾರ್ಖಾನೆಯ ಕಡುಗೆಂಪಿಗೆ ಮರಳಿಸಿದಾಗ, ವಾಹನವು ಮೂಲಕ್ಕೆ ಹತ್ತಿರವಾದರೂ ಕಾಗದದಿಂದ ದೂರವಾಗುತ್ತದೆ. ಬಣ್ಣದ ಬದಲಾವಣೆಯನ್ನು ಪತ್ರದಲ್ಲಿ ತಿದ್ದಿಸುವವರೆಗೆ ಮಾರಾಟ ಮತ್ತು ವರ್ಗಾವಣೆಯ ಸಮಯದಲ್ಲಿ ತೊಡಕು ಎದುರಾಗಬಹುದು.