ಹಳೇ ಟ್ರ್ಯಾಕ್ಟರ್ ಆಗಾಗ ದಮ್ಮು ಕಳೆದುಕೊಳ್ಳುತ್ತಾ? ಪಂಪ್ ಬಿಚ್ಚಿಸುವ ಮುಂಚೆ ಇಷ್ಟು ನೋಡಿ

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟ್ರ್ಯಾಕ್ಟರ್ ಚೆನ್ನಾಗೇ ಇರುತ್ತೆ. ಅರ್ಧ ಗಂಟೆ ರೋಟವೇಟರ್ ಹೊಡೆದ ಮೇಲೆ ಸದ್ದು ಇಳಿಯುತ್ತೆ, ಎಳೆಯೋ ಶಕ್ತಿ ಇರಲ್ಲ, ಕೆಲವೊಮ್ಮೆ ನಿಂತೇ ಹೋಗುತ್ತೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡುತ್ತೆ. ಮೆಕ್ಯಾನಿಕ್ ಬರೋ ಹೊತ್ತಿಗೆ ತೊಂದರೆ ಮಾಯ. ಆಗ ಸಾಮಾನ್ಯವಾಗಿ ಬರೋ ಮಾತು ಒಂದೇ: "ಪಂಪ್ ಬಿಚ್ಚಿ ಕ್ಯಾಲಿಬ್ರೇಶನ್‌ಗೆ ಕೊಡೋಣ."

ಪಂಪ್ ಬಿಚ್ಚಿದರೆ ದುಡ್ಡಿನ ಜೊತೆ ನಾಲ್ಕೈದು ದಿನ ಕೆಲಸವೂ ನಿಲ್ಲುತ್ತೆ. ಬಿತ್ತನೆ ಸಮಯದಲ್ಲಿ ನಾಲ್ಕು ದಿನ ಅಂದರೆ ಹದ ಹೋದ ಹಾಗೆ. ಹದ ನಮಗಾಗಿ ಕಾಯಲ್ಲ. ಅದಕ್ಕೇ ಈ ವಾರ, ಬಂದು ಹೋಗುವ ಈ ತೊಂದರೆಯ ಮೂಲವನ್ನು ನಾವೇ ಹುಡುಕುವುದು ಹೇಗೆ ಅಂತ ನೋಡೋಣ. ಇಲ್ಲಿ ಹೇಳುವುದು ಹಳೇ ಮಾದರಿಯ, ಮೆಕ್ಯಾನಿಕಲ್ ಪಂಪ್ ಇರುವ ಡೀಸೆಲ್ ಟ್ರ್ಯಾಕ್ಟರ್‌ಗಳಿಗೆ. ಸೆನ್ಸರ್, ಕಂಪ್ಯೂಟರ್ ಇರುವ ಹೊಸ ಗಾಡಿಗಳಿಗೆ ಸ್ಕ್ಯಾನರ್ ಹಾಕಿಯೇ ನೋಡಬೇಕು.

ಯಾವಾಗ ಬರುತ್ತೆ ಅನ್ನೋದೇ ಮುಖ್ಯ

ತೋಟಗಾರಿಕೆ ಓದುವಾಗ ನಮಗೆ ಮೊದಲು ಕಲಿಸಿದ್ದು ಇದನ್ನೇ. ಗಿಡ ಬಾಡಿದೆ ಅಂತ ತಕ್ಷಣ ಔಷಧಿ ಹೊಡೆಯಬಾರದು. ಮಧ್ಯಾಹ್ನ ಬಾಡಿ ಸಂಜೆ ಎದ್ದು ನಿಲ್ಲುತ್ತಾ, ಇಲ್ಲಾ ಬೆಳಗಿನ ಜಾವವೂ ಬಾಡಿಯೇ ಇರುತ್ತಾ ಅಂತ ನೋಡಬೇಕು. ಎರಡಕ್ಕೂ ಕಾರಣ ಬೇರೆ ಬೇರೆ ಇರಬಹುದು. ಇಂಜಿನ್ನೂ ಹಾಗೇ. ಒಡೆದ ಭಾಗ ತಾನಾಗೇ ಸರಿಹೋಗಲ್ಲ. ಹತ್ತು ನಿಮಿಷ ನಿಂತ ಮೇಲೆ ಟ್ರ್ಯಾಕ್ಟರ್ ಸರಿಹೋಗುತ್ತಿದೆ ಅಂದರೆ, ಆ ಹತ್ತು ನಿಮಿಷದಲ್ಲಿ ಏನೋ ಬದಲಾಗಿದೆ: ಡೀಸೆಲ್ ಮತ್ತೆ ತುಂಬಿಕೊಂಡಿದೆ, ಕಸ ಜಾಗ ಬಿಟ್ಟಿದೆ, ಇಲ್ಲಾ ಬಿಸಿ ಇಳಿದಿದೆ.

ಕೈಯಲ್ಲಿ ಫೋನ್ ಇದೆಯಲ್ಲ, ಅದರಲ್ಲಿ ಬರೆದಿಡಿ:

1. ಸ್ಟಾರ್ಟ್ ಮಾಡಿ ಎಷ್ಟು ನಿಮಿಷಕ್ಕೆ ಬಂತು? ಪ್ರತಿ ಸಲವೂ ಅಷ್ಟೇ ಹೊತ್ತಿಗಾ?
2. ಲೋಡ್ ಇದ್ದಾಗ ಮಾತ್ರವಾ, ಖಾಲಿ ಓಡಿಸುವಾಗಲೂ ಬರುತ್ತಾ?
3. ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು? ಇಳಿಜಾರಿನಲ್ಲಿ ಬಂತಾ?
4. ಟೆಂಪರೇಚರ್ ಮುಳ್ಳು ಎಲ್ಲಿತ್ತು?
5. ಎಷ್ಟು ಹೊತ್ತು ನಿಲ್ಲಿಸಿದ ಮೇಲೆ ಸರಿಹೋಯಿತು?

ತೊಂದರೆ ಬಂದ ಕ್ಷಣ ಪಕ್ಕದಲ್ಲಿದ್ದವರಿಂದ ಸೈಲೆನ್ಸರ್ ಹೊಗೆಯನ್ನೂ ಮೀಟರ್‌ಗಳನ್ನೂ ವಿಡಿಯೊ ಮಾಡಿಸಿ. ಸದ್ದೂ ರೆಕಾರ್ಡ್ ಆಗಲಿ. ಮೂರು ಸಲ ಹೀಗೆ ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಇದು ಇಂಜಿನ್ನಿನದೇ ತೊಂದರೆಯಾ?

ಶಕ್ತಿ ಕಡಿಮೆಯಾದಾಗ ಆರ್‌ಪಿಎಂ ಮುಳ್ಳು ಇಳಿಯದೆ ಗಾಡಿ ಮಾತ್ರ ಮುಂದೆ ಹೋಗಲ್ಲ, ಚಕ್ರವೂ ಜಾರುತ್ತಿಲ್ಲ ಅಂದರೆ ಕ್ಲಚ್ ಜಾರುತ್ತಿದೆ ಅಂತ ಅನುಮಾನಿಸಿ. ಟ್ರೈಲರ್ ಎಳೆದು ಬಂದ ಮೇಲೆ ಒಂದು ಕಡೆಯ ಬ್ರೇಕ್ ಭಾಗ ಇನ್ನೊಂದಕ್ಕಿಂತ ತುಂಬಾ ಬಿಸಿ ಇದ್ದರೆ ಆ ಬ್ರೇಕ್ ಹಿಡಿದುಕೊಂಡಿದೆ.

ಇನ್ನೂ ಸಣ್ಣದು ಕೈ ಆಕ್ಸಿಲರೇಟರ್ ಲಿವರ್. ಹಳೇ ಗಾಡಿಗಳಲ್ಲಿ ಅದರ ಬಿಗಿ ಸಡಿಲವಾಗಿ, ಅದುರಾಟಕ್ಕೆ ತಾನೇ ಕೆಳಗೆ ಜಾರುತ್ತೆ. ಹಾಗೇ ಇಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ ಪೂರ್ತಿ ವಾಪಸ್ ಹೋಗದಿದ್ದರೆ ಪಂಪ್ ಅರ್ಧ ಮುಚ್ಚಿದಂತಾಗಿ ಡೀಸೆಲ್ ಕಡಿಮೆ ಬಿಡುತ್ತೆ. ಇಂಜಿನ್ ಆಫ್ ಮಾಡಿ, ಒಬ್ಬರು ಮೇಲೆ ಲಿವರ್ ಎಳೆಯಲಿ, ಇನ್ನೊಬ್ಬರು ಕೆಳಗೆ ಪಂಪಿನ ಹತ್ತಿರ ಕಡ್ಡಿ ಕೊನೆಯವರೆಗೂ ಹೋಗಿ ಬರುತ್ತಾ ನೋಡಲಿ. ಇದಕ್ಕೆ ಪೈಸೆ ಖರ್ಚಿಲ್ಲ.

ಹೊಗೆ ಹೇಳುವ ಮಾತು

ಶಕ್ತಿ ಬಿದ್ದಾಗ ಕಪ್ಪು ಹೊಗೆ ದಟ್ಟವಾಗಿ ಬಂದರೆ ಡೀಸೆಲ್ ಇದೆ, ಅದಕ್ಕೆ ತಕ್ಕ ಗಾಳಿ ಇಲ್ಲ; ಇಲ್ಲಾ ಲೋಡ್ ಜಾಸ್ತಿಯಾಗಿದೆ. ಬಿಸಿಯಾದ ಇಂಜಿನ್‌ನಲ್ಲೂ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಥವಾ ನೀರು ಸೇರಿದೆ. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಹೊಗೆ ಏನೂ ಹೆಚ್ಚಾಗದೆ, ದೀಪದ ಎಣ್ಣೆ ಮುಗಿದ ಹಾಗೆ ನಿಧಾನಕ್ಕೆ ಸೊರಗಿದರೆ ಇಂಜಿನ್‌ಗೆ ಡೀಸೆಲ್ ಸಾಲುತ್ತಿಲ್ಲ. ಬಂದು ಹೋಗುವ ತೊಂದರೆಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಈ ಕೊನೆಯದನ್ನೇ.

ಡೀಸೆಲ್ ದಾರಿ: ಟ್ಯಾಂಕಿನಿಂದ ಶುರು ಮಾಡಿ

35ರಿಂದ 45 ಎಚ್‌ಪಿ ಟ್ರ್ಯಾಕ್ಟರ್ ರೋಟವೇಟರ್ ಹೊಡೆಯುವಾಗ ಗಂಟೆಗೆ ಸುಮಾರು 4ರಿಂದ 6 ಲೀಟರ್ ಡೀಸೆಲ್ ಕುಡಿಯುತ್ತೆ. ಸುಮ್ಮನೆ ಐಡಲಿಂಗ್‌ನಲ್ಲಿ ಅದರ ಕಾಲು ಭಾಗವೂ ಬೇಡ. ಅದಕ್ಕೇ ದಾರಿ ಅರ್ಧ ಕಟ್ಟಿಕೊಂಡಿದ್ದರೂ ಮನೆ ಮುಂದೆ ಗೊತ್ತಾಗಲ್ಲ, ಹೊಲದಲ್ಲಿ ಗೊತ್ತಾಗುತ್ತೆ.

*ಟ್ಯಾಂಕ್ ಮುಚ್ಚಳ.* ಡೀಸೆಲ್ ಇಳಿದಷ್ಟು ಗಾಳಿ ಟ್ಯಾಂಕಿನ ಒಳಗೆ ಹೋಗಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸಣ್ಣ ತೂತು ಇರುತ್ತೆ. ಧೂಳು, ಗ್ರೀಸ್ ಸೇರಿ ಅದು ಮುಚ್ಚಿದರೆ ಒಳಗೆ ನಿರ್ವಾತ ಉಂಟಾಗಿ ಡೀಸೆಲ್ ಇಳಿಯೋದು ನಿಲ್ಲುತ್ತೆ. ನಮ್ಮ ಪಕ್ಕದ ಹೊಲದ ಟ್ರ್ಯಾಕ್ಟರ್‌ಗೆ ಪಂಪ್ ರಿಪೇರಿ ಆದ ಮೇಲೂ ಇದೇ ಕಾಟ ಇತ್ತು. ನೋಡಿದರೆ ಮುಚ್ಚಳ ಕಳೆದುಹೋಗಿ, ಟ್ಯಾಂಕಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದಿದ್ದರು. ಕವರ್ ಒಳಕ್ಕೆ ಬಟ್ಟಲಿನ ಹಾಗೆ ಎಳೆದುಕೊಂಡಿತ್ತು. ಹೊಸ ಮುಚ್ಚಳ ಹಾಕಿದ ಮೇಲೆ ತೊಂದರೆ ಬರಲಿಲ್ಲ.

ಪರೀಕ್ಷೆ ಸುಲಭ. ಇಂಜಿನ್ ಸೊರಗಿದಾಗ ಗಾಡಿ ನಿಲ್ಲಿಸಿ ಮುಚ್ಚಳ ಸಡಿಲಿಸಿ. "ಸ್ಸ್" ಅಂತ ಗಾಳಿ ಒಳಗೆ ನುಗ್ಗಿ ಇಂಜಿನ್ ಚೇತರಿಸಿಕೊಂಡರೆ ಉತ್ತರ ಸಿಕ್ಕಿತು. ಬೀಡಿ, ಸಿಗರೇಟು ಮಾತ್ರ ದೂರ ಇರಲಿ.

*ಟ್ಯಾಂಕಿನ ಒಳಗಿನ ಕಸ.* ಒಣ ಎಲೆ, ಕ್ಯಾನಿನ ಪ್ಲಾಸ್ಟಿಕ್ ಚೂರು, ತುಕ್ಕಿನ ಪದರ, ಬಟ್ಟೆ ನಾರು ಹರಿವಿನ ಜೊತೆ ಬಂದು ಟ್ಯಾಂಕಿನ ತಳದ ಬಾಯಿಗೆ ಕೂರುತ್ತವೆ. ಇಂಜಿನ್ ನಿಂತರೆ ಹರಿವು ನಿಂತು ಕಸ ತೇಲಿಹೋಗುತ್ತೆ. ಮತ್ತೆ ಸ್ಟಾರ್ಟ್ ಮಾಡಿದರೆ ಎಲ್ಲಾ ಸರಿ! "ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತೆ" ಅನ್ನೋದಕ್ಕೆ ಇದು ಮಾದರಿ ಕಾರಣ.

ಟ್ಯಾಂಕ್ ಇಂಜಿನ್‌ಗಿಂತ ಎತ್ತರದಲ್ಲಿರುವ ಗಾಡಿಗಳಲ್ಲಿ ಹೀಗೆ ನೋಡಿ. ಇಂಜಿನ್ ಪೂರ್ತಿ ತಣ್ಣಗಿರುವಾಗ, ಫೀಡ್ ಪಂಪಿಗೆ ಬರುವ ಪೈಪನ್ನು ಅಲ್ಲಿ ಬಿಚ್ಚಿ ಸ್ವಚ್ಛ ಕ್ಯಾನಿಗೆ ಹಿಡಿಯಿರಿ. ಡೀಸೆಲ್ ಒಂದೇ ಸಮ ದಾರವಾಗಿ ಎರಡು ಮೂರು ನಿಮಿಷ ಬೀಳಬೇಕು. ಮೊದಲು ಚೆನ್ನಾಗಿ ಬಿದ್ದು ಆಮೇಲೆ ಸಣ್ಣದಾದರೆ ಮುಚ್ಚಳ ತೆಗೆದು ನೋಡಿ. ಆಗ ದಪ್ಪವಾದರೆ ಮುಚ್ಚಳದ ತೂತಿನ ದೋಷ. ಆಗಲೂ ಸಣ್ಣದೇ ಇದ್ದರೆ ಟ್ಯಾಂಕಿನ ಬಾಯಿ, ಕಾಕ್ ಅಥವಾ ಪೈಪಿನಲ್ಲಿ ಅಡ್ಡಿ ಇದೆ. ಹಿಡಿದ ಡೀಸೆಲ್ ನೆಲಕ್ಕೆ ಚೆಲ್ಲಬೇಡಿ. ನೀರು, ಕಸ ಇದೆಯಾ ಅಂತ ಗಾಜಿನ ಬಾಟಲಿಯಲ್ಲಿ ಇಟ್ಟು ನೋಡಿ. ನೀರು ಇದ್ದರೆ ತಳಕ್ಕೆ ಇಳಿಯುತ್ತೆ.

*ಫಿಲ್ಟರ್ ಮತ್ತು ಜಾಲರಿ.* ಖಾಲಿ ಓಡುವಾಗ ಸರಿ, ಲೋಡ್ ಹಾಕಿದ ಕೂಡಲೇ ಸೊರಗುವುದು ಅಂದರೆ ಮೊದಲ ಅನುಮಾನ ಫಿಲ್ಟರ್ ಮೇಲೆ. ಗಾಜಿನ ಕೆಸರು ಬಟ್ಟಲು ಇದ್ದರೆ ತೊಳೆಯಿರಿ. ಫೀಡ್ ಪಂಪಿನ ಒಳಬಾಯಿಯಲ್ಲಿ ಅನೇಕ ಗಾಡಿಗಳಿಗೆ ಬೆರಳ ತುದಿಯಷ್ಟು ಸಣ್ಣ ಜಾಲರಿ ಇರುತ್ತೆ. ಫಿಲ್ಟರ್ ಬದಲಿಸುವವರೂ ಇದನ್ನು ಮರೆಯುತ್ತಾರೆ.

*ಗಾಳಿ ಸೇರುವುದು.* ಇಂಜಿನ್ ಸದ್ದು ಏರಿಳಿತ ಆಗುತ್ತಾ ಜರ್ಕ್ ಹೊಡೆದರೆ, ನಿಂತ ಮೇಲೆ ಹ್ಯಾಂಡ್ ಪಂಪ್ ಒತ್ತದೆ ಸ್ಟಾರ್ಟೇ ಆಗದಿದ್ದರೆ ಡೀಸೆಲ್ ಲೈನಿನಲ್ಲಿ ಗಾಳಿ ಸೇರುತ್ತಿದೆ. ಫೀಡ್ ಪಂಪ್ ಎಳೆಯುವ ಕಡೆ ಬಿರುಕು ಬಿಟ್ಟ ಪೈಪ್, ಹಳೇ ತಾಮ್ರದ ವಾಷರ್ ಇದ್ದರೆ ಡೀಸೆಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಹೋಗಬಹುದು. ಆ ಕಡೆ ತಾತ್ಕಾಲಿಕವಾಗಿ ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ಹಾಕಿ ಓಡಿಸಿ. ಗುಳ್ಳೆಗಳು ಬರುತ್ತಲೇ ಇದ್ದರೆ ಅದಕ್ಕಿಂತ ಹಿಂದೆ, ಟ್ಯಾಂಕಿನ ಕಡೆಗೆ ಸೋರಿಕೆ ಇದೆ. ಅರ್ಧ ಟ್ಯಾಂಕಿನಲ್ಲಿ, ಇಳಿಜಾರಿನಲ್ಲಿ ಮಾತ್ರ ತೊಂದರೆ ಬಂದರೆ ಟ್ಯಾಂಕಿನ ಬಾಯಿಗೇ ಗಾಳಿ ಸಿಗುತ್ತಿರಬಹುದು.

*ಒಂದು ನಿರ್ಣಾಯಕ ಪರೀಕ್ಷೆ.* ಇಂಜಿನ್ ಸೊರಗುತ್ತಿರುವಾಗಲೇ ಗಾಡಿ ನಿಲ್ಲಿಸಿ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಪಿಟಿಒ ಆಫ್. ಅಂಗಿ ತೋಳು, ಟವೆಲ್ ಫ್ಯಾನ್ ಹತ್ತಿರ ಹೋಗದ ಹಾಗೆ ನೋಡಿಕೊಂಡು ಒಬ್ಬರು ಆಕ್ಸಿಲರೇಟರ್ ಕೊಡಲಿ, ಇನ್ನೊಬ್ಬರು ಫೀಡ್ ಪಂಪಿನ ಹ್ಯಾಂಡ್ ಪ್ರೈಮರ್ ಒತ್ತುತ್ತಾ ಇರಲಿ. ಒತ್ತಿದಾಗ ಇಂಜಿನ್ ಎದ್ದು, ಬಿಟ್ಟಾಗ ಬಿದ್ದರೆ ದೋಷ ಇಂಜೆಕ್ಷನ್ ಪಂಪಿನದಲ್ಲ. ಅದಕ್ಕೆ ಡೀಸೆಲ್ ತಂದುಕೊಡುವ ದಾರಿಯದು.

ಗಾಳಿ ದಾರಿ ಮತ್ತು ಬಿಸಿ

ಕಪ್ಪು ಹೊಗೆ ಕಂಡವರು ಇಲ್ಲಿಂದ ಶುರು ಮಾಡಿ. ರಾಗಿ ಒಕ್ಕಣೆ ಆದ ಮೇಲೆ ಪ್ರೀ ಕ್ಲೀನರ್ ಹೊಟ್ಟಿನಿಂದ ತುಂಬಿರುತ್ತೆ. ಆಯಿಲ್ ಬಾತ್ ಏರ್ ಕ್ಲೀನರ್ ಇದ್ದರೆ ಬಟ್ಟಲಿನ ತಳದಲ್ಲಿ ಕೆಸರು ಕೂತಿದೆಯಾ ನೋಡಿ. ಹೊಸ ಎಣ್ಣೆಯನ್ನು ಗುರುತಿನವರೆಗೆ ಮಾತ್ರ ಹಾಕಿ. ಅಲ್ಲಿಂದ ಇಂಜಿನ್‌ಗೆ ಹೋಗುವ ರಬ್ಬರ್ ಪೈಪ್ ಹಳೆಯದಾದರೆ ಒಳಪದರ ಬಿಟ್ಟುಕೊಂಡು, ಬಿಸಿಯಾದಾಗ ಒಳಕ್ಕೆ ಕುಸಿಯುತ್ತೆ. ಹೊರಗೆ ಚೆನ್ನಾಗೇ ಕಾಣುತ್ತೆ, ಬಿಚ್ಚಿ ಒಳಗೆ ನೋಡಬೇಕು. ಪರೀಕ್ಷೆಗೆ ಅಂತ ಏರ್ ಕ್ಲೀನರ್ ತೆಗೆದು ಹೊಲದಲ್ಲಿ ಮಾತ್ರ ಓಡಿಸಬೇಡಿ. ಆ ಧೂಳು ಪಿಸ್ಟನ್, ಲೈನರ್ ಎರಡನ್ನೂ ಸವೆಸುತ್ತೆ.

ಮುಳ್ಳು ಕೆಂಪಿಗೆ ಹೋದಾಗಲೇ ಶಕ್ತಿ ಬೀಳುತ್ತಿದ್ದರೆ ರೇಡಿಯೇಟರ್ ಜಾಲರಿಯ ಹೊಟ್ಟು, ಫ್ಯಾನ್ ಬೆಲ್ಟಿನ ಬಿಗಿ, ನೀರಿನ ಮಟ್ಟ ನೋಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಪಂಪ್‌ಗೆ ಕೈ ಹಾಕುವುದು ಯಾವಾಗ?

ನಮ್ಮ ಹಳ್ಳಿಗಳಲ್ಲಿ ಈಗಲೂ "ಮೈಕೊ ಪಂಪ್" ಅಂತಲೇ ಕರೆಯುತ್ತಾರೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೊ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ಬಾಯಲ್ಲಿ ಹಳೇ ಹೆಸರೇ ಉಳಿದಿದೆ. ಈ ಬಗೆಯ ಪಂಪ್ ಸ್ವಚ್ಛ ಡೀಸೆಲ್ ಸಿಕ್ಕರೆ ಬಹಳ ಕಾಲ ಬಾಳುತ್ತೆ. ಸವೆದ ಪಂಪ್ ಸಾಮಾನ್ಯವಾಗಿ ಬಂದು ಹೋಗುವ ತೊಂದರೆ ಕೊಡಲ್ಲ, ದಿನದಿಂದ ದಿನಕ್ಕೆ ಸೊರಗುತ್ತೆ. ಒಂದು ಅಪವಾದ ಇದೆ: ಸವೆದ ರೋಟರಿ ಪಂಪ್ ಬಿಸಿಯಾದಾಗ ಡೀಸೆಲ್ ತೆಳುವಾಗಿ ಒಳಗೇ ಸೋರುತ್ತೆ, ಆಗ ಶಕ್ತಿ ಇಳಿದು, ಬಿಸಿ ಇಂಜಿನ್ ಸ್ಟಾರ್ಟ್ ಆಗೋದೇ ಕಷ್ಟವಾಗುತ್ತೆ. ಮೇಲಿನ ಎಲ್ಲಾ ಪರೀಕ್ಷೆ ಪಾಸಾಗಿ ಈ ಲಕ್ಷಣ ಉಳಿದರೆ ಪಂಪ್, ನಾಝಲ್ ಪರೀಕ್ಷೆಗೆ ಕೊಡಿ.

ಪಂಪಿನಿಂದ ನಾಝಲ್‌ಗೆ ಹೋಗುವ ಉಕ್ಕಿನ ಪೈಪ್‌ಗಳನ್ನು ಇಂಜಿನ್ ಓಡುವಾಗ ಮುಟ್ಟಬೇಡಿ, ಸೋರಿಕೆ ಹುಡುಕಲು ಬೆರಳು ಆಡಿಸಬೇಡಿ. ಹಳೇ ನಾಝಲ್‌ಗಳು ತೆರೆಯುವುದೇ ಸುಮಾರು 200 ಬಾರ್ ಒತ್ತಡದಲ್ಲಿ, ಹಿಂದಿನ ಟೈರಿನ ಗಾಳಿಗಿಂತ ನೂರು ಪಟ್ಟು ಹೆಚ್ಚು. ಆ ಸೂಜಿಧಾರೆ ಚರ್ಮ ತೂರಿ ಒಳಗೆ ಹೋಗುತ್ತೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಂಡರೂ ಬೆರಳು, ಕೈ ಕಳೆದುಕೊಳ್ಳುವ ಅಪಾಯ ಇದೆ. ಹಾಗಾದರೆ ನೋವಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೊಕ್ಕಿದೆ ಅಂತ ಬಾಯಿ ಬಿಟ್ಟು ಹೇಳಿ.

ಕೊನೆಗೆ ಎರಡು ಅಭ್ಯಾಸ

ಒಂದು, ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಹೊಲದಲ್ಲಿ ಲೋಡ್ ಹಾಕಿ ನೋಡಿ, ಫಲಿತಾಂಶ ಬರೆದಿಡಿ. ಫಿಲ್ಟರ್, ಪೈಪ್, ನಾಝಲ್ ಎಲ್ಲಾ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ, ಮುಂದಿನ ಸಲ ಮತ್ತೆ ಅಷ್ಟೇ ಖರ್ಚು. ಎರಡು, ಡೀಸೆಲ್ ಜಾಲರಿಯಲ್ಲಿ ಸೋಸಿಯೇ ಹಾಕಿ, ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಡಿ. ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿಯ ತಂಪಿಗೆ ನೀರಾಗಿ ಡೀಸೆಲ್ ಸೇರುತ್ತೆ.

ಇಷ್ಟೆಲ್ಲಾ ಮಾಡಿಯೂ ಸಿಗದಿದ್ದರೆ ಮೆಕ್ಯಾನಿಕ್‌ಗೆ ಫೋನ್ ಮಾಡಿ. ಆದರೆ "ಪವರ್ ಇಲ್ಲ" ಅಂತ ಮಾತ್ರ ಹೇಳಬೇಡಿ. "25 ನಿಮಿಷಕ್ಕೆ ಸೊರಗುತ್ತೆ, ಹೊಗೆ ಇಲ್ಲ, ಮುಚ್ಚಳ ತೆಗೆದರೂ ಅಷ್ಟೇ, ಪ್ರೈಮರ್ ಒತ್ತಿದರೆ ಏಳುತ್ತೆ" ಅಂತ ಹೇಳಿ, ವಿಡಿಯೊ ಕಳಿಸಿ. ಅವರು ಪಂಪ್ ಬಿಚ್ಚುವ ಸ್ಪ್ಯಾನರ್ ಬದಲು, ಬೇಕಾದ ಫಿಲ್ಟರ್, ವಾಷರ್ ಹಿಡಿದುಕೊಂಡೇ ಹೊಲಕ್ಕೆ ಬರುತ್ತಾರೆ.