ಬೆನ್ನುವಿನಲ್ಲಿ ಜೀವಿ ಸಿಕ್ಕಿತಂತೆ!

‘ಬೆನ್ನು ಕ್ಷುದ್ರಗ್ರಹದಲ್ಲಿ ಜೀವಿ ಪತ್ತೆ, ನಾಸಾ ಮುಚ್ಚಿಡುತ್ತಿದೆ’ ಎಂಬ ಸಂದೇಶ ನಮ್ಮ ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಮೂರನೇ ಸಲ ಬಂತು. ಕಳಿಸಿದವರು ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನಮ್ಮ ಚಿಕ್ಕಪ್ಪ.

ಮುಚ್ಚಿಡುವುದೆಲ್ಲಿ ಬಂತು? ಬೆನ್ನುವಿನಲ್ಲಿ ನಿಜಕ್ಕೂ ಸಿಕ್ಕಿದ್ದೇನೆಂದು 2025ರ ಜನವರಿಯಲ್ಲಿ ನಾಸಾ ತಾನಾಗಿಯೇ ಎಲ್ಲರೆದುರು ಹೇಳಿತ್ತು. ಒಸೈರಿಸ್-ರೆಕ್ಸ್ ನೌಕೆ 2023ರ ಸೆಪ್ಟೆಂಬರ್ 24ರಂದು ಯೂಟಾ ಮರುಭೂಮಿಗೆ ಇಳಿಸಿದ ಬೆನ್ನುವಿನ ಮಣ್ಣು 121.6 ಗ್ರಾಂ. ಜೀವಿಗಳು ಪ್ರೋಟೀನಿಗೆ ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿದ್ದವು. ಡಿಎನ್‌ಎ, ಆರ್‌ಎನ್‌ಎಗಳ ಐದೂ ನ್ಯೂಕ್ಲಿಯೋಬೇಸ್‌ಗಳಿದ್ದವು. ಅಷ್ಟೇ. ಅಂಗಡಿಯಲ್ಲಿ ರವೆ, ಸಕ್ಕರೆ, ತುಪ್ಪ ಕಂಡ ಮಾತ್ರಕ್ಕೆ ಕೇಸರಿಬಾತ್ ತಿಂದ ಹಾಗಾಯಿತೇ?

ಸ್ವಾರಸ್ಯದ ಭಾಗವನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಅಮೈನೋ ಆಮ್ಲಗಳಲ್ಲಿ ಹೆಚ್ಚಿನವಕ್ಕೆ ನಮ್ಮ ಕೈಗಳಂತೆ ಎಡ, ಬಲ ಎಂಬ ಎರಡು ರೂಪ. ಭೂಮಿಯ ಜೀವಿಗಳು ಪ್ರೋಟೀನು ಕಟ್ಟಲು ಎಡವನ್ನೇ ಆರಿಸಿಕೊಳ್ಳುತ್ತವೆ. ಬೆನ್ನುವಿನಲ್ಲಿ ಎರಡೂ ಸರಿಸಮ. ಅಂದರೆ ಆರಿಸಿಕೊಳ್ಳುವ ಜೀವಿಯ ಕೈವಾಡದ ಸುಳಿವೇ ಅಲ್ಲಿಲ್ಲ.

‘ರ್ಯುಗು ಕ್ಷುದ್ರಗ್ರಹದ ಕಲ್ಲಲ್ಲಿ ಬ್ಯಾಕ್ಟೀರಿಯಾ ಕಂಡಿತ್ತಲ್ಲಪ್ಪ?’ ಎಂದರು ಚಿಕ್ಕಪ್ಪ. ಕಂಡಿತ್ತು ನಿಜ. ಜಪಾನಿನ ಹಯಾಬುಸಾ-2 ನೌಕೆ 2020ರಲ್ಲಿ ತಂದ 5.4 ಗ್ರಾಂನಲ್ಲಿ ಒಂದು ಕಣ ಲಂಡನ್ನಿಗೆ ಹೋಯಿತು. ಮೊದಲ ಎಕ್ಸ್-ರೇ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಕಣವನ್ನು ರಾಳದಲ್ಲಿ ಕೂರಿಸಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಕಡ್ಡಿಯಂಥ, ಎಳೆಯಂಥ 11 ಆಕೃತಿ ಕಂಡವು. ವಾರದಲ್ಲಿ 147! ಕೋಟಿಗಟ್ಟಲೆ ವರ್ಷ ಸುಮ್ಮನಿದ್ದದ್ದು ಲಂಡನ್ನಿಗೆ ಬಂದ ಕೂಡಲೇ ಸಂಸಾರ ಹೂಡಿತೇ? ಅವು ಭೂಮಿಯಲ್ಲೇ ಅಂಟಿಕೊಂಡ ಸೂಕ್ಷ್ಮಜೀವಿಗಳೆಂದು ಸಂಶೋಧಕರೇ 2024ರಲ್ಲಿ ಬರೆದರು.

‘ಉಲ್ಕಾಶಿಲೆ ಪುಕ್ಕಟೆ ಬೀಳುವಾಗ ದುಡ್ಡು ಸುರಿದು ಕ್ಷುದ್ರಗ್ರಹಕ್ಕೇ ಹೋಗುವುದೇಕೆ?’ ಎಂಬುದಕ್ಕೂ ಇದೇ ಉತ್ತರ. ಅಷ್ಟು ಜೋಪಾನ ಮಾಡಿದ ಕಣಕ್ಕೇ ಈ ಗತಿಯಾದರೆ, ಹೊಲದಲ್ಲಿ ಬಿದ್ದ ಕಲ್ಲಿನ ಪಾಡೇನು?

ಧೂಮಕೇತುವಿನ ಧೂಳಿನಿಂದ ರೋಗ ಹರಡುತ್ತದೆ ಎನ್ನುವವರಿಗೆ: ಸ್ಟಾರ್‌ಡಸ್ಟ್ ನೌಕೆ ವೈಲ್ಡ್-2 ಧೂಮಕೇತುವಿನ ಧೂಳನ್ನು 2006ರಲ್ಲೇ ತಂದಿದೆ, ಬಾಹ್ಯಾಕಾಶದ ಧೂಳಂತೂ ದಿನವೂ ನಮ್ಮ ಮೇಲೆ ಟನ್‌ಗಟ್ಟಲೆ ಬೀಳುತ್ತಲೇ ಇದೆ. ಚಿನ್ನ ತರಲು ಹೋಗುತ್ತಾರೆ ಎನ್ನುವವರಿಗೆ: ಮೊದಲ ಹಯಾಬುಸಾ ಏಳು ವರ್ಷ ಅಲೆದು ತಂದದ್ದು ಒಂದು ಮಿಲಿಗ್ರಾಮಿಗೂ ಕಡಿಮೆ, ಅದು ಚಿನ್ನವೇ ಆಗಿದ್ದರೂ ಮೂಗುತಿಗೆ ಸಾಲದು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಲಂಡನ್ನಿನವರು ತಮ್ಮ ಕಣ್ಣಿಗೆ ಕಂಡದ್ದನ್ನೂ ನಂಬದೆ ಒಂದೊಂದಾಗಿ ಎಣಿಸುತ್ತಾ ಕೂತರು. ನಾವು ಕಾಣದ್ದನ್ನು ಐದು ಗುಂಪಿಗೆ ಕಳಿಸಿ ಮಲಗಿದೆವು.